ಹೊಟ್ಟೆಯೊಳಗಿನ ತಲೆಮೂಳೆ

ಬಣಕಲ್ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯ ಮಾತು ಎದ್ದರೂ ದಿನ ಗಟ್ಟಿಯಾಗುವ ಮೊದಲೇ ಷಡಕ್ಷರಿಗೆ ಒಂದು ಫೋನ್ ಬರುತ್ತಿತ್ತು. ಹೆದ್ದಾರಿಯ ಪಕ್ಕದಲ್ಲಿ ಅವನ ಪಾತ್ರೆ ಅಂಗಡಿ. ಮುಂದುಗಡೆ ಮಾರಾಟಕ್ಕಿಟ್ಟ ಸ್ಟೀಲು, ಹಿತ್ತಾಳೆ. ಹಿಂದಿನ ಗೋಡೌನಿನಲ್ಲಿ ಬಾಡಿಗೆಗೆ ಹೋಗುವ ಕೊಪ್ಪರಿಗೆ, ಕುರ್ಚಿ, ಶಾಮಿಯಾನ. ಮೂಡಿಗೆರೆಯಿಂದ ಕಳಸದ ತನಕ ಅವನ ಟೆಂಪೋ ನುಗ್ಗದ ಎಸ್ಟೇಟ್ ಗೇಟು ಇರಲಿಲ್ಲ. “ಮೊದ್ಲು ಆ ದಿನ ಷಡಕ್ಷರಿ ಸಿಗ್ತಾನಾ ಕೇಳಿ ಮಾರಾಯ್ರೆ, ಆಮೇಲೆ ಲಗ್ನಪತ್ರಿಕೆ ಬರೆಸುವ” ಎಂದು ದೊಡ್ಡ ಪ್ಲಾಂಟರುಗಳ ಮನೆಯಲ್ಲೂ ಹೇಳುತ್ತಿದ್ದರು.

ಆಳು ದಢೂತಿ. ಟೆಂಪೋದ ಸ್ಟೇರಿಂಗಿಗೂ ಹೊಟ್ಟೆಗೂ ನಡುವೆ ಕೈ ತೂರುವಷ್ಟೂ ಜಾಗ ಉಳಿಯುತ್ತಿರಲಿಲ್ಲ. ಆದರೂ ಅವನಷ್ಟು ಚುರುಕಾಗಿ ಶಾಮಿಯಾನದ ಹಗ್ಗ ಬಿಗಿಯುವವರು ಆ ಸೀಮೆಯಲ್ಲಿ ಇರಲಿಲ್ಲ. ಹೋದಲ್ಲೆಲ್ಲ ಅಡಿಗೆಯವರು ಪಾಯಸದ ಮೊದಲ ಸೌಟನ್ನು ಅವನ ಲೋಟಕ್ಕೇ ಹಾಕಿ, “ಸಿಹಿ ಸಾಕಾ ನೋಡಿ” ಎನ್ನುತ್ತಿದ್ದರು. ಅವನು ನೋಡುತ್ತಿದ್ದ, ಇನ್ನೊಂದು ಸೌಟು ಹಾಕಿಸಿಕೊಂಡು ಮತ್ತೆ ನೋಡುತ್ತಿದ್ದ. ಮನೆಯಲ್ಲಿ ಅವನು ಒಂದು ಹಗಲು ಪೂರ್ತಿ ಕೂತದ್ದನ್ನು ಹೆತ್ತ ತಾಯಿ ಬಸಮ್ಮನೂ ಕಂಡಿರಲಿಲ್ಲ.

ಅಂಥವನು ಬಿದ್ದದ್ದು ಗೋಣಿಬೀಡಿನ ಆಚೆಯ ಒಂದು ಎಸ್ಟೇಟಿನಲ್ಲಿ. ನಿಶ್ಚಿತಾರ್ಥ ಮುಗಿದಿತ್ತು, ಸಾಮಾನು ಟೆಂಪೋಗೆ ಏರಿಯಾಗಿತ್ತು. ಮೇಲಿನ ಟಾರ್ಪಾಲಿಗೆ ಹಗ್ಗ ಎಳೆಯಲೆಂದು ಷಡಕ್ಷರಿ ಟೈರಿನ ಮೇಲೆ ಕಾಲಿಟ್ಟು ಹತ್ತಿದ. ಟೈರು ಒದ್ದೆಯಾಗಿತ್ತು. ಕಾಲು ಜಾರಿ, ಕಾಫಿ ಒಣಗಿಸುವ ಕಣದ ಕಲ್ಲಿನ ಅಂಚಿಗೆ ತಲೆಯ ಎಡಮಗ್ಗುಲು ತಾಗುವಂತೆ ಅಂಗಾತ ಬಿದ್ದ. ಎಲ್ಲರೂ ಓಡಿಬರುವಷ್ಟರಲ್ಲಿ ಅವನೇ ಎದ್ದು ಕೂತು, “ಕಲ್ಲಿಗೆ ಏನಾದ್ರೂ ಆಯ್ತಾ ನೋಡ್ರೋ” ಎಂದು ನಗಿಸಿದ. ಊಟ ಮಾಡಿದ. ಎರಡು ಹೋಳಿಗೆ ತಿಂದ. ವಾಪಸು ಬರುವಾಗ ಮಾತ್ರ, ಯಾಕೋ ತಲೆ ಸಿಡಿಯುತ್ತಿದೆ ಎಂದು ಟೆಂಪೋವನ್ನು ತಮ್ಮ ಬಸವಪ್ರಸಾದನ ಕೈಗೆ ಕೊಟ್ಟ. ಮೂಡಿಗೆರೆ ಮುಟ್ಟುವ ಮೊದಲೇ ವಾಂತಿ ಮಾಡಿಕೊಂಡ. ಆಮೇಲೆ ಕರೆದರೆ ಓಗೊಡಲಿಲ್ಲ.

ಮೂಡಿಗೆರೆ ಆಸ್ಪತ್ರೆಯಲ್ಲಿ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದ ಡಾಕ್ಟರು, ತಲೆಯೊಳಗೆ ರಕ್ತ ಆಗಿರಬೇಕು, ಈಗಿಂದೀಗ ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿ ಎಂದರು. ಆಂಬುಲೆನ್ಸಿಗೆ ಅವನನ್ನು ಎತ್ತಿ ಹಾಕಲು ಬಸ್‌ಸ್ಟ್ಯಾಂಡಿನ ಜೀಪಿನವರನ್ನು ಕರೆಯಬೇಕಾಯಿತು. ಸ್ಟ್ರೆಚರಿನ ಪಟ್ಟಿ ಅವನ ಮೈ ಸುತ್ತಿ ಬರಲಿಲ್ಲ. ಸುದ್ದಿ ತಿಳಿದು ಬಣಕಲ್ಲಿನಲ್ಲಿ ಆಂಬುಲೆನ್ಸ್ ಹತ್ತಿಕೊಂಡ ಹೆಂಡತಿ ರೂಪಶ್ರೀ ಚಾರ್ಮಾಡಿಯ ತಿರುವುಗಳಲ್ಲಿ ಅವನು ಉರುಳದಂತೆ ಎರಡೂ ಕೈಯಿಂದ ಅದುಮಿ ಹಿಡಿದುಕೊಂಡೇ ಇಳಿದಳು.

ಇದ್ಯಾವುದೂ ಷಡಕ್ಷರಿಗೆ ಗೊತ್ತಿಲ್ಲ. ಅವನ ನೆನಪಿನಲ್ಲಿ ಹೋಳಿಗೆಯ ನಂತರ ಸೀದಾ ಒಂದು ಬಿಳಿ ಸೀಲಿಂಗು ಬರುತ್ತದೆ. ಗಂಟಲಲ್ಲಿ ನೋವು, ತಲೆಗೆ ದಪ್ಪ ಬ್ಯಾಂಡೇಜು. ಅದನ್ನು ಮುಟ್ಟಲು ಹೋದ ಕೈಯನ್ನು ನರ್ಸು ಹಿಡಿದುಕೊಂಡಳು. ಆಗ ಇನ್ನೊಂದು ವಿಷಯ ಗೊತ್ತಾಯಿತು. ಹೊಟ್ಟೆ ಉರಿಯುತ್ತಿತ್ತು. ಒಳಗಲ್ಲ, ಹೊಕ್ಕುಳದ ಪಕ್ಕದಲ್ಲಿ, ಚರ್ಮ ಬಿಗಿದು ಹೊಲಿದ ಹಾಗೆ.

“ಹೊಟ್ಟೆಗೆ ಎಂತ ಆಗಿದೆ?” ಎಂದು ಕೇಳಿದ.

ಆಪರೇಷನ್ ಮಾಡಿದ ಡಾಕ್ಟರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. “ನಿಮ್ಮ ಮಿದುಳು ಬಾತುಕೊಂಡಿತ್ತು. ಮೂಳೆಯನ್ನು ಅಲ್ಲೇ ಮುಚ್ಚಿದ್ರೆ ಅದಕ್ಕೆ ಒಳಗೆ ಜಾಗ ಸಾಲ್ತಿರಲಿಲ್ಲ. ಅದಕ್ಕೇ ತಲೆಯ ಎಡಬದಿಯ ಮೂಳೆಯನ್ನು ತೆಗೆದು, ಹೊಟ್ಟೆಯ ಚರ್ಮದ ಕೆಳಗೆ ಕೊಬ್ಬಿನಲ್ಲಿ ಇಟ್ಟಿದ್ದೇವೆ. ಬಾವು ಇಳಿದ ಮೇಲೆ ಅದನ್ನೇ ತೆಗೆದು ಅದರ ಜಾಗಕ್ಕೆ ಕೂರಿಸ್ತೇವೆ. ಕೆಲವು ತಿಂಗಳು ಕಾಯಬೇಕಾಗ್ತದೆ.”

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಷಡಕ್ಷರಿ ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯ ಕಡೆ ತಿರುಗಿದಳು.

ಇನ್ನೊಂದು ಮಾತೂ ಇತ್ತು. ಅದನ್ನು ಹೇಳಿದ್ದು ಧನ್ಯಶ್ರೀ ಎಂಬ ಹುಡುಗಿ. ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಒಂದು ಅಧ್ಯಯನದ ಕೆಲಸ ನೋಡಿಕೊಳ್ಳುವವಳು. ತೆಗೆದ ಮೂಳೆಯನ್ನು ಕೆಲವು ಕಡೆ ಫ್ರೀಜರಿನಲ್ಲಿಡುತ್ತಾರೆ, ಕೆಲವು ಕಡೆ ಹೊಟ್ಟೆಯಲ್ಲಿಡುತ್ತಾರೆ. ಯಾವುದು ಒಳ್ಳೆಯದು, ಅದರಲ್ಲೂ ಮೈ ಭಾರವಿರುವವರಿಗೆ ಯಾವುದು ಒಳ್ಳೆಯದು ಎನ್ನುವುದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅದನ್ನು ತಿಳಿಯುವುದೇ ಇದರ ಉದ್ದೇಶ ಎಂದು ವಿವರಿಸಿದಳು. “ಯಾರಿಗೆ ಯಾವುದು ಅಂತ ಡಾಕ್ಟರೂ ನಿರ್ಧಾರ ಮಾಡೋದಿಲ್ಲ ಸರ್. ಚೀಟಿ ಎತ್ತಿದ ಹಾಗೆ, ಕಂಪ್ಯೂಟರ್ ಹೇಳ್ತದೆ. ನಿಮಗೆ ಎಚ್ಚರ ಇರಲಿಲ್ಲ, ಹಾಗಾಗಿ ನಿಮ್ಮ ಮನೆಯವರು ಒಪ್ಪಿಗೆ ಕೊಟ್ರು. ಈಗ ನೀವೇ ಹೇಳಬೇಕು, ಮುಂದುವರೀತೀರಾ ಅಂತ. ಬೇಡ ಅಂದ್ರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗೋದಿಲ್ಲ.”

“ಬೇಡ ಅಂದ್ರೆ ಮೂಳೆ ವಾಪಸ್ ತಲೇಲಿ ಇಡ್ತೀರಾ?”

“ಈಗ ಆಗೋದಿಲ್ಲ ಸರ್.”

“ಮತ್ತೆ ನನ್ನನ್ನು ಎಂತಕ್ಕೆ ಕೇಳೋದು? ಬರ್ಕೊಳ್ಳಿ, ಏನ್ ಬೇಕಾದ್ರೂ ಬರ್ಕೊಳ್ಳಿ.”

ಮನೆಗೆ ಬಂದ ಮೇಲೆ ಅವನ ಲೋಕ ಅಂಗಡಿಯ ಮೇಲಿನ ಎರಡು ಕೋಣೆಗಳಿಗೆ ಇಳಿಯಿತು. ಮೆಟ್ಟಿಲು ಕಡಿದಾಗಿದೆ ಎಂದು ಕೆಳಗಿಳಿಯುವಂತಿಲ್ಲ. ಎಡಕ್ಕೆ ಮಲಗುವಂತಿಲ್ಲ. ಬಾಗುವಂತಿಲ್ಲ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುವಂತಿಲ್ಲ; ರೂಪಶ್ರೀ ಹೊರಗೆ ನಿಂತು, “ಆಯ್ತಾ? ಆಯ್ತಾ?” ಎನ್ನುತ್ತಿರುತ್ತಾಳೆ. ಕೂದಲು ಬೋಳಿಸಿದ ತಲೆಯ ಎಡಮಗ್ಗುಲು ಮೊದಮೊದಲು ಉಬ್ಬಿತ್ತು, ಬರಬರುತ್ತಾ ಒಳಕ್ಕೆ ಕುಸಿಯಿತು. ಬೆರಳಿಟ್ಟರೆ ಚರ್ಮದ ಕೆಳಗೆ ಏನೋ ಮಿಡಿಯುತ್ತಿತ್ತು. ಒಂದು ಸಲ ಮುಟ್ಟಿ ನೋಡಿದ, ಮತ್ತೆ ಮುಟ್ಟಲಿಲ್ಲ. ಆದರೆ ಹೊಟ್ಟೆಯ ಮೇಲಿಂದ ಕೈ ತೆಗೆಯಲೂ ಆಗುತ್ತಿರಲಿಲ್ಲ. ಕೊಬ್ಬಿನ ಅಡಿಯಲ್ಲಿ ಬಾಗಿದ ತಟ್ಟೆಯಂಥ ಗಟ್ಟಿ ಅಂಚು ಸಿಗುತ್ತಿತ್ತು. ಇದು ನನ್ನ ಹಣೆಯ ಪಕ್ಕದ ಮೂಳೆ ಎಂದು ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಒಪ್ಪುತ್ತಿರಲಿಲ್ಲ.

ಎಲ್ಲಕ್ಕಿಂತ ಹಿಂಸೆ ಕಿವಿಯದು. ಕೆಳಗಿನ ಅಂಗಡಿಯ ಸದ್ದೆಲ್ಲ ನೆಲದ ಮೂಲಕ ಮೇಲಕ್ಕೆ ಬರುತ್ತಿತ್ತು. ಟೆಂಪೋ ಹಿಂದಕ್ಕೆ ಬರುವುದು, ಕೊಪ್ಪರಿಗೆ ಉರುಳಿಸುವುದು, ಗಿರಾಕಿಗಳು ಚೌಕಾಸಿ ಮಾಡುವುದು. ಬಸವಪ್ರಸಾದ ಸೌಟುಗಳನ್ನು ದೊಡ್ಡ ಪಾತ್ರೆಯೊಳಗೆ ಸುರಿದು ಒಯ್ಯುತ್ತಿದ್ದ. ಹಾಗೆ ಸುರಿದರೆ ಪಾತ್ರೆಯ ತಳ ಗೀರುತ್ತದೆ ಎಂದು ಅವನಿಗೆ ಎಷ್ಟು ಸಲ ಹೇಳಿರಲಿಲ್ಲ! ಷಡಕ್ಷರಿ ಕಾಲಿನಿಂದ ನೆಲ ಬಡಿಯುತ್ತಿದ್ದ. ಕೆಳಗಿನವನಿಗೆ ಅದು, ಅಣ್ಣನಿಗೆ ಏನೋ ಆಯಿತು ಎಂದು ಕೇಳಿಸಿ, ಅವನು ಏದುಸಿರು ಬಿಡುತ್ತ ಮೇಲೆ ಓಡಿಬರುತ್ತಿದ್ದ. ಎರಡು ಸಲ ಹೀಗಾದ ಮೇಲೆ ಬಡಿಯುವುದನ್ನೂ ಬಿಟ್ಟ.

ತೂಕ ಇಳಿಸಬೇಕು, ಮುಂದಿನ ಆಪರೇಷನ್ನಿಗೆ ಅದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ರೂಪಶ್ರೀ ಅದನ್ನು ವ್ರತದಂತೆ ಹಿಡಿದಳು. ಬೇಯಿಸಿದ ತರಕಾರಿ, ಒಂದು ಮುದ್ದೆ, ಮಜ್ಜಿಗೆ. ಇತ್ತ ಬಸಮ್ಮನಿಗೆ ಮಗ ಸೊರಗಿದ್ದೇ ಕಾಣುವುದು. ಸೊಸೆ ಬಟ್ಟೆ ಹರವಲು ಹೋದಾಗ ಸೆರಗಿನಲ್ಲಿ ಕಾಯಿಹೋಳಿಗೆ ತಂದು ಕೈಗಿಡುತ್ತಿದ್ದಳು. ಷಡಕ್ಷರಿ ಕದ್ದು ನುಂಗುತ್ತಿದ್ದ, ತಿಂದ ಮೇಲೆ ಬಾಯಿ ಒರೆಸಿಕೊಳ್ಳುತ್ತಿದ್ದ. ಊರಿಗೆಲ್ಲ ಊಟ ಹಾಕಿಸಿದವನಿಗೆ ತನ್ನ ಮನೆಯಲ್ಲೇ ಹೀಗೆ ತಿನ್ನಬೇಕಾಯಿತಲ್ಲ ಎಂದು ಒಂದೊಂದು ಸಲ ಕಣ್ಣು ತುಂಬುತ್ತಿತ್ತು.

ಮೊದಮೊದಲು ನೋಡಲು ಜನ ಬಂದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇವರಾಜ ಅವನ ಹಳೆಯ ಗೆಳೆಯ. ಅವನು ಬಂದು ಮುಕ್ಕಾಲು ಗಂಟೆ ಗೋಡೆಯ ಕ್ಯಾಲೆಂಡರ್ ನೋಡುತ್ತಲೇ ಮಾತಾಡಿದ.

“ನನ್ನ ಕಡೆ ನೋಡಿ ಮಾತಾಡು ಮಾರಾಯ” ಎಂದ ಷಡಕ್ಷರಿ.

ದೇವರಾಜ ನೋಡಿದ. ಹೊತ್ತಾಯಿತು ಎಂದು ಎದ್ದ. ಆಮೇಲೆ ಫೋನ್ ಮಾಡುತ್ತಿದ್ದ, ಬರಲಿಲ್ಲ.

ಆಸ್ಪತ್ರೆಯಿಂದ ಒಂದು ಹೆಲ್ಮೆಟ್ ಕೊಟ್ಟಿದ್ದರು, ಎದ್ದಾಗಲೆಲ್ಲ ಹಾಕಿಕೊಳ್ಳಿ ಎಂದು. ಒಳಗೆ ಸ್ಪಂಜು, ಗಲ್ಲದ ಕೆಳಗೆ ಪಟ್ಟಿ. ಹಾಕಿಕೊಂಡು ಕನ್ನಡಿ ನೋಡಿದ ದಿನವೇ ಅದನ್ನು ಬೀರುವಿನ ಮೇಲಕ್ಕೆ ಎಸೆದ. “ಸರ್ಕಸ್ಸಿನ ಕರಡಿ ಹಾಗೆ ಕಾಣ್ತೀನಿ. ಸತ್ತರೂ ಹಾಕಲ್ಲ.”

ಧನ್ಯಶ್ರೀ ಆಗಾಗ ಫೋನ್ ಮಾಡುತ್ತಿದ್ದಳು. ಕೇಳಬೇಕಾದ ಪ್ರಶ್ನೆಗಳು ಅವಳ ಬಳಿ ಇರುತ್ತಿದ್ದವು. ತಲೆನೋವು ಇದೆಯಾ, ಗಾಯ ಒಣಗಿದೆಯಾ, ತೂಕ ಎಷ್ಟು. ಆಮೇಲೆ ಬೇರೆ ಥರದವು.

“ನಿಮಗೆ ಇಷ್ಟವಾದ ಕೆಲಸಗಳನ್ನ ಮಾಡಕ್ಕೆ ಆಗ್ತಿದೆಯಾ ಸರ್? ಯಾವಾಗಲೂ, ಕೆಲವೊಮ್ಮೆ, ಇಲ್ಲವೇ ಇಲ್ಲ — ಇದರಲ್ಲಿ ಒಂದು ಹೇಳಿ.”

“ನನಗೆ ಇಷ್ಟವಾದ ಕೆಲಸ ಟೆಂಪೋ ಓಡಿಸೋದು ಕಣಮ್ಮ.”

“ಹಾಗಾದ್ರೆ ಇಲ್ಲವೇ ಇಲ್ಲ ಅಂತ ಹಾಕ್ಲಾ?”

“ಹಾಕು. ಅದರ ಕೆಳಗೆ ಇನ್ನೂ ಏನಾದ್ರೂ ಇದ್ರೆ ಅದನ್ನೂ ಹಾಕು.”

ಬೈದರೂ ಅವಳು ಫೋನ್ ಇಡುತ್ತಿರಲಿಲ್ಲ. ಮನೆಯವರೆಲ್ಲ ಅದು ಮಾಡಬೇಡಿ, ಇದು ಮಾಡಬೇಡಿ ಎನ್ನುವವರೇ. ಹೇಗಿದೆ ಎಂದು ಕೇಳಿ, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಫೋನ್ ತಡವಾದರೆ ಷಡಕ್ಷರಿಗೆ ಕಸಿವಿಸಿಯಾಗತೊಡಗಿತು.

ಮಾಘಮಾಸ ಬಂತು. ಕೊಯ್ಲು ಮುಗಿದು ಎಸ್ಟೇಟುಗಳಲ್ಲಿ ಮದುವೆಗಳ ಭರಾಟೆ. ಒಂದು ಬೆಳಿಗ್ಗೆ ಕಳಸದ ಕಡೆಯ ದೊಡ್ಡ ಮದುವೆಗೆ ಸಾಮಾನು ಏರುತ್ತಿತ್ತು. ರೂಪಶ್ರೀ ಸ್ನಾನಕ್ಕೆ ಹೋಗಿದ್ದಳು, ಬಸಮ್ಮ ಲಿಂಗಪೂಜೆಗೆ ಕೂತಿದ್ದಳು. ಷಡಕ್ಷರಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಗೋಡೌನಿನ ಬಾಗಿಲು ತೆರೆದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ವಾಸನೆ ಮೂಗಿಗೆ ಬಡಿಯಿತು. ಅವನು ಒಂದು ಕೊಪ್ಪರಿಗೆಯ ಅಂಚಿಗೆ ಕೈ ಇಟ್ಟು ನಿಂತ. ಅಷ್ಟೇ ಅವನಿಗೆ ನೆನಪಿರುವುದು.

ಪಾತ್ರೆಗಳು ಸಾಲಾಗಿ ಉರುಳಿದ ಸದ್ದಿಗೆ ಬಸವಪ್ರಸಾದ ಓಡಿಬಂದಾಗ ಅಣ್ಣ ನೆಲದಲ್ಲಿ ಬಿದ್ದು ಒದ್ದಾಡುತ್ತಿದ್ದ. ಫಿಟ್ಸ್. ಬಾಯಲ್ಲಿ ನೊರೆ. ತಲೆಯ ಮೂಳೆಯಿಲ್ಲದ ಮಗ್ಗುಲು ಮಡಚಿಟ್ಟ ಶಾಮಿಯಾನದ ಬಟ್ಟೆಯ ಮೇಲೆ ಬಿದ್ದಿತ್ತು. ಗೇಣು ಈಚೆ ಬಿದ್ದಿದ್ದರೆ ಕಬ್ಬಿಣದ ಒಲೆ.

ಮಾತ್ರೆಗಳು ಹೆಚ್ಚಾದವು. ಟೆಂಪೋ ಓಡಿಸುವ ಆಸೆಯನ್ನು ಸದ್ಯಕ್ಕೆ ಬಿಟ್ಟುಬಿಡಿ ಎಂದು ಡಾಕ್ಟರು ಫೋನಿನಲ್ಲೇ ಹೇಳಿದರು. ಅವತ್ತಿನಿಂದ ರೂಪಶ್ರೀ ಎರಡು ನಿಮಿಷಕ್ಕೆ ಕೆಳಗೆ ಹೋಗಬೇಕಾದರೂ ಹೊರಗಿನಿಂದ ಬಾಗಿಲಿಗೆ ಅಗುಳಿ ಹಾಕತೊಡಗಿದಳು.

ಅಗುಳಿಯ ಸದ್ದು ಕೇಳಿದ ಮೂರನೆಯ ದಿನ ಷಡಕ್ಷರಿ ಸಿಡಿದ. ಅವಳು ಒಳಗೆ ಬಂದದ್ದೇ ತಡ, ಮುಂದಿದ್ದ ತಟ್ಟೆಯನ್ನು ಗೋಡೆಗೆ ಬೀಸಿದ.

“ದನ ಕಟ್ಟಿದ ಹಾಗೆ ಕಟ್ಟಿ ಹಾಕ್ತೀಯಾ ನನ್ನ? ನನ್ನ ತಲೆ ಬಿಚ್ಚಿ ಹೊಟ್ಟೇಲಿಡಿ ಅಂತ ಸೈನ್ ಹಾಕಿದ್ಯಲ್ಲ, ಯಾರನ್ನ ಕೇಳಿ ಹಾಕ್ದೆ?”

ರೂಪಶ್ರೀ ಚೆಲ್ಲಿದ ಅನ್ನವನ್ನು ಬಳಿಯುತ್ತಲೇ ಹೇಳಿದಳು, “ಯಾರನ್ನ ಕೇಳ್ಬೇಕಿತ್ತು ಹೇಳಿ. ನಿಮ್ಮನ್ನಾ? ನೀವು ಕಣ್ಣು ಮುಚ್ಕೊಂಡಿದ್ರಿ. ಪ್ರಸಾದ ಆಂಬುಲೆನ್ಸ್ ಹಿಂದೆ ಬರ್ತಾ ಇದ್ದ, ಇನ್ನೂ ಘಾಟೀಲಿದ್ದ. ಆ ಡಾಕ್ಟ್ರು ಎರಡು ಸಲ ಬಿಡಿಸಿ ಹೇಳಿದ್ರು. ನನ್ನ ತಲೆಗೆ ಹೋಗಿದ್ದು ಒಂದೇ ಮಾತು, ಬೇಗ ಆಗ್ಬೇಕು ಅಂತ. ಫ್ರೀಜರು ಬೇಕಾ ಹೊಟ್ಟೆ ಬೇಕಾ ಅಂತ ಆರಿಸೋ ಹಾಗಿದ್ರೆ ಫ್ರೀಜರೇ ಆರಿಸ್ತಿದ್ನೇನೋ, ನನಗೇನು ಗೊತ್ತು!”

ಅವಳು ಸುಮ್ಮನಾಗಲಿಲ್ಲ.

“ನಾನು ಅಂಗಡಿ ದಾಟಿ ರಸ್ತೆಗೆ ಕಾಲಿಟ್ಟು ಎಷ್ಟು ದಿನ ಆಯ್ತು ಅಂತ ಗೊತ್ತಾ ನಿಮಗೆ? ತಂಗಿ ಮಗಳ ನಾಮಕರಣಕ್ಕೆ ಹೋಗ್ಲಿಲ್ಲ. ತಲೆಗೆ ನೀರು ಹಾಕ್ಕೊಂಡ್ರೆ ನೀವು ಬಿದ್ದ ಸದ್ದು ಕೇಳಲ್ಲ ಅಂತ ಮೈಗೆ ಮಾತ್ರ ಎರಡು ಚೊಂಬು ಸುರ್ಕೊಂಡು ಬರ್ತೀನಿ. ಬಾಗಿಲು ಹೊರಗಿಂದ ಹಾಕಿದ್ರೂ ಒಳಗಿಂದ ಹಾಕಿದ್ರೂ ನನಗೆ ಒಂದೇ ರೀ. ನಿಮ್ಮ ಜೊತೆ ನಾನೂ ಇಲ್ಲೇ ಇದೀನಿ.”

ಷಡಕ್ಷರಿ ಅವಳನ್ನು ಆಗ ಸರಿಯಾಗಿ ನೋಡಿದ. ಕೂದಲು ಎಣ್ಣೆ ಕಾಣದೆ ಒರಟಾಗಿತ್ತು. ಕಣ್ಣಿನ ಸುತ್ತ ಕಪ್ಪು. ಎದ್ದು, ಬೀರುವಿನ ಮೇಲೆ ತಡಕಾಡಿ ಹೆಲ್ಮೆಟ್ ಇಳಿಸಿದ. ಪಟ್ಟಿ ಹಾಕಿಕೊಳ್ಳಲು ಬರಲಿಲ್ಲ. ರೂಪಶ್ರೀ ಕೈ ತೊಳೆದುಕೊಂಡು ಬಂದು ಗಲ್ಲದ ಕೆಳಗೆ ಅದನ್ನು ಸಿಕ್ಕಿಸಿದಳು.

“ಹೋಗು, ತಲೆಗೆ ಎರೆದುಕೊಂಡು ಬಾ. ನಾನು ಈ ಕುರ್ಚಿಯಿಂದ ಏಳಲ್ಲ” ಎಂದ. ಅವಳು ಬರುವವರೆಗೂ ಏಳಲಿಲ್ಲ.

ಎರಡನೆಯ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಹೊಟ್ಟೆಯ ಹೊಲಿಗೆಯ ಪಕ್ಕ ಕೆಂಪಾಯಿತು. ಸೆಖೆಗೆ ಆಗಿದ್ದು ಎಂದು ಬಸಮ್ಮ ಅರಿಶಿನ ಹಚ್ಚಿದಳು. ಮರುದಿನ ಚಳಿಜ್ವರ ಬಂತು, ಗಾಯದಿಂದ ಕೀವು ಸೋರಿತು. ಮತ್ತೆ ಆಂಬುಲೆನ್ಸು, ಮತ್ತೆ ಚಾರ್ಮಾಡಿ. ಈ ಸಲ ಅವನಿಗೆ ಎಚ್ಚರವಿತ್ತು. ಪ್ರತಿ ತಿರುವಿನಲ್ಲೂ ರೂಪಶ್ರೀಯ ಎರಡು ಕೈಗಳು ತನ್ನನ್ನು ಅದುಮುವುದು ತಿಳಿಯುತ್ತಿತ್ತು.

ಹೋದ ಹೊತ್ತಿಗೇ ಹೊಟ್ಟೆ ಬಿಚ್ಚಿ ಮೂಳೆಯನ್ನು ತೆಗೆದರು. ಅದು ಕೆಟ್ಟುಹೋಗಿತ್ತು. ಮತ್ತೆ ತಲೆಗೆ ಇಡುವ ಹಾಗಿರಲಿಲ್ಲ.

“ಇನ್ನು ಸೋಂಕು ಪೂರ್ತಿ ಹೋಗೋ ತನಕ ಕಾಯಬೇಕು. ಆಮೇಲೆ ಅಳತೆ ತೆಗೆದು ಲೋಹದ ತಗಡು ಮಾಡಿಸಿ ಕೂರಿಸ್ತೇವೆ. ಮಳೆಗಾಲ ಕಳೀಬೇಕಾಗಬಹುದು” ಎಂದರು ಡಾಕ್ಟರು.

ಇಷ್ಟು ದಿನ ಕಾದದ್ದೆಲ್ಲ ಹೋಯಿತು. ಷಡಕ್ಷರಿ ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡ. ಸಂಜೆ ಡಾಕ್ಟರು ಮತ್ತೆ ಬಂದಾಗ ಕೇಳಿದ, “ನನ್ನ ಬೊಜ್ಜಿಂದಲೇ ಹೀಗಾಯ್ತಾ?”

“ಇರಬಹುದು. ಇಲ್ಲದೆಯೂ ಇರಬಹುದು. ತೆಳ್ಳಗಿದ್ದವರಿಗೂ ಆಗಿದೆ. ಗೊತ್ತಿದ್ದಿದ್ರೆ ಈ ಅಧ್ಯಯನವನ್ನೇ ಮಾಡ್ತಿರಲಿಲ್ಲ ನಾವು.”

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎಲ್ಲರೂ ಅವನ ಹೊಟ್ಟೆಗೆ ಬೆರಳು ತೋರಿಸುವವರೇ ಆಗಿದ್ದಾಗ, ಗೊತ್ತಿಲ್ಲ ಎಂದ ಮೊದಲನೆಯವರು ಇವರು.

ಮರುದಿನ ಧನ್ಯಶ್ರೀ ಬಂದಳು. ಫೋನಿನ ದನಿಯ ಹಿಂದೆ ಇಷ್ಟು ಚಿಕ್ಕ ಹುಡುಗಿ ಇದ್ದಾಳೆ ಎನ್ನುವುದು ಅವನಿಗೆ ಮರೆತೇ ಹೋಗಿತ್ತು. ಅವಳು ಸಂಕೋಚದಿಂದಲೇ, ಬೇಕಿದ್ದರೆ ಈಗ ಅಧ್ಯಯನದಿಂದ ಹೊರಬರಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದಳು.

“ನಾನು ಹೊರಗೆ ಬಂದ್ರೆ ಏನಾಗುತ್ತೆ?”

“ನಿಮ್ಮ ಮುಂದಿನ ವಿಷಯ ನಮಗೆ ಸಿಗೋದಿಲ್ಲ ಸರ್.” ಮತ್ತೆ ಹೇಳಿದಳು, “ತೊಂದರೆ ಆದವರೆಲ್ಲ ಬಿಟ್ಟು ಹೋದ್ರೆ ಚೆನ್ನಾಗಿದ್ದವರದ್ದು ಮಾತ್ರ ಉಳೀತದೆ. ಆಗ ಹೊಟ್ಟೇಲಿಡೋದೇ ಒಳ್ಳೇದು ಅಂತ ಕಾಣಬಹುದು.”

ಷಡಕ್ಷರಿ ರೂಪಶ್ರೀಯನ್ನು ಕರೆದ. ಅವಳ ಎದುರಿಗೇ ಹುಡುಗಿಯನ್ನು ಕೇಳಿದ, “ಇವಳು ಅವತ್ತು ಸೈನ್ ಹಾಕದೇ ಇದ್ದಿದ್ರೆ ನನ್ನ ಮೂಳೆ ಎಲ್ಲಿಡ್ತಿದ್ರಿ?”

“ಎಲ್ಲಾದ್ರೂ ಇಡ್ತಿದ್ರು ಸರ್. ಅಧ್ಯಯನ ಶುರುವಾಗೋ ಮೊದಲು ಇಲ್ಲಿ ಹೆಚ್ಚಿನವರಿಗೆ ಹೊಟ್ಟೇಲೇ ಇಡ್ತಿದ್ರು.”

ರೂಪಶ್ರೀ ಹೊರಗೆ ಹೋದಳು. ತಿರುಗಿ ಬರುವಾಗ ಮುಖ ತೊಳೆದುಕೊಂಡಿದ್ದಳು.

“ನಾನು ಬಿಡಲ್ಲ ಕಣಮ್ಮ. ಹಾಳಾಗಿದ್ದು ಹಾಳಾಯ್ತು ಅಂತನೇ ಬರಿ. ದಪ್ಪ ಅಕ್ಷರದಲ್ಲಿ ಬರಿ” ಎಂದ ಷಡಕ್ಷರಿ.

ಆ ಮಳೆಗಾಲ ಬಣಕಲ್ಲಿನಲ್ಲಿ ಅವನು ಕಳೆದದ್ದು ಹೆಲ್ಮೆಟ್ಟಿನ ಕೆಳಗೆ. ಶ್ರಾವಣದ ಹೊತ್ತಿಗೆ ಅವನನ್ನು ಇಬ್ಬರು ಹಿಡಿದುಕೊಂಡು ಅಂಗಡಿಗೆ ಇಳಿಸತೊಡಗಿದರು. ಗಿರಾಕಿಗಳು ಮೊದಲು ದಿಟ್ಟಿಸಿದರು, ಆಮೇಲೆ ರೂಢಿಯಾಯಿತು. ಬಸ್ಸು ಕಾಯುವ ಮಕ್ಕಳು ಮಾತ್ರ ಬಾಗಿಲಲ್ಲಿ ಇಣುಕಿ ಓಡುತ್ತಿದ್ದವು. ಸೌಟುಗಳನ್ನು ಹೇಗೆ ಕಟ್ಟಬೇಕೆಂದು ತಮ್ಮನಿಗೆ ಹೇಳಿದ. ತಮ್ಮ ಹೂಂ ಎಂದು ತನಗೆ ಬಂದ ಹಾಗೆ ಕಟ್ಟಿದ. ಇಷ್ಟು ತಿಂಗಳಲ್ಲಿ ಅಂಗಡಿ ಇವನಿಲ್ಲದೆಯೂ ನಡೆಯುವುದನ್ನು ಕಲಿತಿತ್ತು.

ದೀಪಾವಳಿಗೆ ಮೊದಲು ತಲೆಗೆ ತಗಡು ಕೂತಿತು. ಈ ಸಲ ಗಾಯ ಸುಸೂತ್ರವಾಗಿ ಮಾಯಿತು. ಕೂದಲು ಬೆಳೆದ ಮೇಲೆ ಗುರುತೇ ಸಿಗುತ್ತಿರಲಿಲ್ಲ. ದೇವರಾಜ ಬಂದು ಮುಖ ನೋಡಿಯೇ ಮಾತಾಡಿದ. ಆದರೆ ಫಿಟ್ಸಿನ ಮಾತ್ರೆ ನಿಲ್ಲಲಿಲ್ಲ. ಎರಡು ಸಲ ಬಿಡಲು ನೋಡಿ ಎರಡು ಸಲವೂ ಬಿದ್ದ. ಸ್ಟೇರಿಂಗ್ ಹಿಡಿಯುವಂತಿಲ್ಲ, ಏಣಿ ಹತ್ತುವಂತಿಲ್ಲ, ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ತೂಕ ಒಂದಿಷ್ಟು ಇಳಿದಿತ್ತು, ಹಬ್ಬಗಳು ಬಂದು ಅದರಲ್ಲಿ ಅರ್ಧ ವಾಪಸು ತಂದವು.

ತಗಡು ಕೂತು ವರ್ಷವಾದಾಗ ಧನ್ಯಶ್ರೀ ಫೋನ್ ಮಾಡಿ ಅವೇ ಪ್ರಶ್ನೆಗಳನ್ನು ಕೇಳಿದಳು. ಇಷ್ಟವಾದ ಕೆಲಸಗಳ ಪ್ರಶ್ನೆ ಬಂದಾಗ ಷಡಕ್ಷರಿ “ಕೆಲವೊಮ್ಮೆ” ಎಂದ.

“ಇದು ಕೊನೇ ಫೋನ್ ಸರ್. ನಿಮ್ಮ ಭಾಗ ಮುಗೀತು. ಬೇರೆಯವರದ್ದೆಲ್ಲ ಮುಗಿದು ಫಲಿತಾಂಶ ಬರಕ್ಕೆ ಇನ್ನೂ ವರ್ಷಗಳು ಬೇಕು.”

“ಬಂದಾಗ ಹೇಳ್ತೀಯಾ?”

“ಆಗ ನಾನು ಇಲ್ಲಿ ಕೆಲಸದಲ್ಲಿ ಇರ್ತೀನೋ ಇಲ್ವೋ ಸರ್. ಯಾರಾದ್ರೂ ಹೇಳ್ತಾರೆ.”

ಫೋನ್ ಇಟ್ಟು ಅವನು ಗಲ್ಲಾದ ಚಿಲ್ಲರೆ ಎಣಿಸತೊಡಗಿದ. ಹೊರಗೆ ಬಸವಪ್ರಸಾದ ಟೆಂಪೋ ಹತ್ತಿ, “ಅಣ್ಣ, ಕೊಟ್ಟಿಗೆಹಾರದ ಕಡೆ ಹೋಗಿ ಬರ್ತೀನಿ” ಎಂದು ಕೂಗಿ ಹೊರಟ. ಸಂಜೆಯ ಬಸ್ಸುಗಳು ಹಾದುಹೋದವು. ರೂಪಶ್ರೀ ಇಳಿದುಬಂದಳು, ದಿನವೂ ಬರುವ ಹಾಗೆ, ಅವನನ್ನು ಒಂದು ಸುತ್ತು ನಡೆಸಿಕೊಂಡು ಬರಲು. ಹೆದ್ದಾರಿಯ ಅಂಚಿನಲ್ಲಿ ಅವಳು ರಸ್ತೆಯ ಮಗ್ಗುಲಿಗೆ ನಡೆದಳು, ಅವನನ್ನು ಒಳಗಡೆ ಇಟ್ಟುಕೊಂಡು, ಮೊಣಕೈಯ ಹಿಂದೆ ಕೈಯಿಟ್ಟು.

“ಇವತ್ತು ಹಿಡ್ಕೊಬೇಡ. ಸೇತುವೆ ತನಕ ನಾನೇ ಹೋಗ್ತೀನಿ” ಎಂದ ಷಡಕ್ಷರಿ.

“ಹೋಗಿ, ಯಾರು ಬೇಡ ಅಂದ್ರು?” ಎಂದಳು ಅವಳು. ಕೈ ಮಾತ್ರ ತೆಗೆಯಲಿಲ್ಲ. ಎದುರಿನಿಂದ ಕಾಫಿ ಮೂಟೆ ತುಂಬಿದ ಲಾರಿಯೊಂದು ಬಂತು. ಅದು ದಾಟುವವರೆಗೆ ಇಬ್ಬರೂ ಬದಿಗೆ ಸರಿದು ನಿಂತರು. ಆಮೇಲೆ ಸೇತುವೆಯ ಕಡೆ ನಡೆದರು.